ಅಕ್ಕನ ಬಾಯಿ, ತಂಗಿಯ ಕೈ

ಅಕ್ಕ ವಿಮಾನ ನಿಲ್ದಾಣಕ್ಕೆ ಎರಡು ಹಳೆಯ ಕೋಟುಗಳನ್ನು ತೋಳ ಮೇಲೆ ಹಾಕಿಕೊಂಡು ಬಂದಿದ್ದಳು. ಒಂದು ಪುಟ್ಟಿಗೆ, ಇನ್ನೊಂದು ಪುಟ್ಟಿಯ ಗಂಡನಿಗೆ. ಎರಡನೆಯದು ತೀರಿಹೋದ ಭಾವನದು.

"ಹಾಕ್ಕೊಳ್ಳಿ ಮೇಷ್ಟ್ರೇ, ಸಂಕೋಚ ಬೇಡ. ಇಲ್ಲಿನ ಚಳಿಗೆ ನೆಂಟರು ಇಷ್ಟರು ಅಂತ ಏನೂ ಇಲ್ಲ," ಎಂದಳು. ಮೇಷ್ಟ್ರು ಹಾಕಿಕೊಂಡರು. ತೋಳು ಮೊಣಕೈಯಿಂದ ನಾಲ್ಕೇ ಬೆರಳು ಕೆಳಗೆ ಬಂತು. ಊರಿನ ಶಾಲೆಯಲ್ಲಿ ಆಟದ ಮೇಷ್ಟ್ರಾಗಿ ಎಂಟುನೂರು ಮಕ್ಕಳನ್ನು ಒಂದು ಸೀಟಿಯಲ್ಲಿ ನಿಲ್ಲಿಸುತ್ತಿದ್ದ ಮನುಷ್ಯ ಆ ಕೋಟಿನಲ್ಲಿ ತಾವೇ ಒಂದು ಮಗುವಿನ ಹಾಗೆ ಕಂಡರು. ಮೂವರೂ ನಕ್ಕರು. ಆ ದೇಶದಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಅದೊಂದೇ ದಿನ ಎಂದು ಮುಂದೆ ಮೇಷ್ಟ್ರು ಹೇಳುತ್ತಿದ್ದರು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ದೊಡ್ಡಮ್ಮನ ಮಗಳು. ಆದರೆ ಬೆಳೆದದ್ದು ಒಂದೇ ಮನೆಯಲ್ಲಿ, ಕೆಲಸ ಕಲಿತದ್ದು ಒಬ್ಬನೇ ಗುರುವಿನ ಹತ್ತಿರ. ಇಬ್ಬರ ಸೋದರಮಾವ ಕಟ್ಟುವ ಹಲ್ಲಿನ ಕೆಲಸದವನು. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ಮಾಡಿ ಕೊಡುವುದು ಅವನ ಕಸುಬು. "ಕಡಲೆ ಇದ್ದವರಿಗೆ ಹಲ್ಲು ಕೊಡೋನು ನಾನು. ಕಡಲೆ ಮಾತ್ರ ಕೇಳಬೇಡಿ," ಎಂದು ಬಂದವರನ್ನೆಲ್ಲ ನಗಿಸುತ್ತಿದ್ದ. ಇಬ್ಬರು ಹುಡುಗಿಯರನ್ನೂ ಅಕ್ಕಪಕ್ಕ ಕೂರಿಸಿಕೊಂಡು ಕಲಿಸಿದ. ಕಲಿಸಿದವನು ಒಂದು ತಪ್ಪು ಮಾಡಿದ. ಮನೆಗೆ ಯಾರೇ ಬರಲಿ, "ದೊಡ್ಡವಳದು ದುಡಿಮೆ, ಚಿಕ್ಕವಳದು ಕೈ," ಎನ್ನುತ್ತಿದ್ದ. ಹೊಗಳಿಕೆ ಎಂದುಕೊಂಡೇ ಹೇಳುತ್ತಿದ್ದ. ದೊಡ್ಡವಳು ಮದುವೆಯಾಗಿ, ಮಗಳು ಹುಟ್ಟಿದ ಮೇಲೆ, ಹದಿನೆಂಟು ವರ್ಷಗಳ ಹಿಂದೆ ಗಂಡ, ಮಗಳ ಜೊತೆ ಈ ದೇಶಕ್ಕೆ ಬಂದಳು. ಸೋದರಮಾವ ಸತ್ತ ಮೇಲೆ ಪುಟ್ಟಿ ಅವರಿವರ ಕೈಕೆಳಗೆ ದುಡಿದಳು. ಮೇಷ್ಟ್ರ ಶಾಲೆ ಮುಚ್ಚಿದ ವರ್ಷವೇ ಅಕ್ಕನ ಫೋನು ಬಂತು.

"ಬಾರೇ ಪುಟ್ಟಿ. ನಾನು ಹಲ್ಲಿನ ಕೆಲಸ ಮಾಡೋ ಕಡೆ ಯಜಮಾನರಿಗೆ ಹೇಳಿ ಕಾಗದ ಎಲ್ಲಾ ಮಾಡಿಸಿದ್ದೀನಿ. ಭಾಷೆ ಗೀಷೆ ಅಂತ ಹೆದರಬೇಡ. ಬಾಯಿಗೆ ನಾನಿದ್ದೀನಿ."

ಅವರಿಗೆ ಸಿಕ್ಕ ಮನೆ ಮೂರನೇ ಮಹಡಿಯಲ್ಲಿತ್ತು. ಮೆಟ್ಟಿಲ ದೀಪದ ಗುಂಡಿ ಒತ್ತಿದರೆ ಸರಿಯಾಗಿ ಒಂದು ನಿಮಿಷ ಉರಿದು ತಾನೇ ಆರುತ್ತಿತ್ತು. ಸಾಮಾನು ಹೊತ್ತು ಎರಡೂವರೆ ಮಹಡಿ ಹತ್ತುವಷ್ಟರಲ್ಲಿ ನಿಮಿಷ ಮುಗಿಯುತ್ತಿತ್ತು. ಉಳಿದರ್ಧ ಮಹಡಿಯನ್ನು ಗೋಡೆ ಸವರಿಕೊಂಡು ಹತ್ತಬೇಕು. ಬಟ್ಟೆ ಒಗೆಯುವ ಯಂತ್ರ ನೆಲಮಾಳಿಗೆಯಲ್ಲಿ, ಹನ್ನೊಂದು ಮನೆಗಳಿಗೂ ಅದೊಂದೇ. ಅದರ ಮೇಲೆ ಅಂಟಿಸಿದ್ದ ನಿಯಮಗಳ ಕಾಗದವನ್ನು ಓದಲು ಬಾರದೆ ಪುಟ್ಟಿ ಮೊದಲ ವಾರ ಬೇರೆಯವರ ದಿನದಲ್ಲಿ ಒಗೆದಳು. ಯಾರೋ ಒದ್ದೆ ಬಟ್ಟೆಯನ್ನೆಲ್ಲ ತೆಗೆದು, ಒಂದೊಂದನ್ನೂ ನೀಟಾಗಿ ಮಡಿಸಿ, ಬಾಗಿಲ ಮುಂದೆ ನೆಲದ ಮೇಲೆ ಇಟ್ಟು ಹೋಗಿದ್ದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಮೇಷ್ಟ್ರಿಗೆ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಪೇರಿಸುವ ಕೆಲಸ ಸಿಕ್ಕಿತು.

ಹಲ್ಲಿನ ಕೆಲಸದ ಜಾಗ ಅಂಗಡಿ ಸಾಲಿನ ಹಿಂದಿನ ಉದ್ದನೆಯ ಹಜಾರ. ಯಜಮಾನ ಅರವತ್ತು ದಾಟಿದವನು, ಕಡಿಮೆ ಮಾತಿನವನು. ಕಿಟಕಿಯ ಪಕ್ಕದ ಬೆಳಕಿನ ಮೇಜು ಅಕ್ಕನದು. ಹಲ್ಲು ಜೋಡಿಸುವ ಮೇಜು ಅದು. ಬಾಯಿಯಂತೆ ತೆರೆದು ಮುಚ್ಚುವ ಚೌಕಟ್ಟಿನಲ್ಲಿ ಅಚ್ಚನ್ನು ಕೂರಿಸಿ, ಮೇಣದ ದಿಂಡಿನ ಮೇಲೆ ಕಾದ ಚಾಕುವಿನಿಂದ ಒಂದೊಂದೇ ಹಲ್ಲನ್ನು ನಿಲ್ಲಿಸುವ ಕೆಲಸ. ಆಚೆ ಮೇಜಿನಲ್ಲಿ ಮೇಣ ಎರೆಯುವ ಒಬ್ಬಳು ದಪ್ಪ ಹೆಂಗಸು. ಅವಳನ್ನು ಪುಟ್ಟಿ ಮನಸ್ಸಿನಲ್ಲೇ ಮೇಣದಮ್ಮ ಎಂದು ಕರೆಯತೊಡಗಿದಳು. ಮೂಲೆಯಲ್ಲಿ ಪಾಲಿಶಿನವನು. ಅದರಾಚೆ, ನೀರಿನ ತೊಟ್ಟಿಯ ಪಕ್ಕ, ಪ್ಲಾಸ್ಟರು ಕಲಸಿ ಅಚ್ಚು ಹುಯ್ಯುವ ಜಾಗ. ಪುಟ್ಟಿಯನ್ನು ಅಲ್ಲಿ ನಿಲ್ಲಿಸಿದರು.

"ಇಲ್ಲಿನ ಕಾನೂನೇ ಹಾಗೆ ಕಣೇ," ಎಂದಳು ಅಕ್ಕ. "ಒಂದು ವರ್ಷ ಪ್ಲಾಸ್ಟರು. ಆಮೇಲೆ ಒಂದು ಪರೀಕ್ಷೆ. ಅದಾದ್ಮೇಲೆ ಹಲ್ಲು ಮುಟ್ಟೋದು."

ಹದಿನಾರು ವರ್ಷ ಹಲ್ಲು ಜೋಡಿಸಿದ ಕೈ ಪ್ಲಾಸ್ಟರಿನಲ್ಲಿ ಮುಳುಗಿತು. ಬೆರಳ ಸಂದಿಗಳು ಒಡೆದವು. ಆದರೆ ಜನ ಮಾತ್ರ ಎಷ್ಟು ಒಳ್ಳೆಯವರು! ಮೇಣದಮ್ಮ ಅವಳ ಹತ್ತಿರ ಬಂದು ತುಂಬ ನಿಧಾನವಾಗಿ, ಗಟ್ಟಿಯಾಗಿ ಮಾತಾಡಿ ಬೆನ್ನು ಸವರುತ್ತಿದ್ದಳು. ಸಂಜೆ ಹೊರಡುವಾಗ ಅವಳ ಕೋಟಿನ ಜಿಪ್ಪನ್ನು ತಾನೇ ಎಳೆದು ಕತ್ತಿನತನಕ ಮುಚ್ಚುತ್ತಿದ್ದಳು. ಪಾಲಿಶಿನವನು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಕೈಗೆ ಕೊಡುತ್ತಿದ್ದ.

"ರೀ, ಹೊರಗಿನಿಂದ ಬಂದವರನ್ನ ಇಷ್ಟು ಚೆನ್ನಾಗಿ ನೋಡ್ಕೋತಾರೆ ಅಂದ್ರೆ ನಂಬ್ತೀರಾ?" ಎಂದು ಪುಟ್ಟಿ ಮನೆಯಲ್ಲಿ ಹೇಳಿದಳು.

"ನಮ್ಮ ಗೋದಾಮಿನಲ್ಲಿ ನನ್ನ ಬಾಟ್ಲಿ ಯಾರೂ ತೆಗೆದುಕೊಡಲ್ಲಪ್ಪ," ಎಂದರು ಮೇಷ್ಟ್ರು.

ಮೊದಲ ವಾರದಲ್ಲೇ ಪುಟ್ಟಿಯ ಕಣ್ಣಿಗೆ ಒಂದು ವಿಷಯ ಬಿತ್ತು. ಅಕ್ಕನ ಬಲಗೈ ನಡುಗುತ್ತಿತ್ತು. ದೀಪದ ಜ್ವಾಲೆಗೆ ಚಾಕು ಹಿಡಿದಾಗ ಅದರ ತುದಿ ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲ್ಲಾಡಿತು. ಅಕ್ಕ ಥಟ್ಟನೆ ಕೈಯನ್ನು ಮೇಜಿನ ಕೆಳಕ್ಕೆಳೆದುಕೊಂಡು ಎಡಗೈಯಿಂದ ಅದುಮಿ ಹಿಡಿದಳು. ಕೇಳಬೇಕೆನಿಸಿತು, ಪುಟ್ಟಿ ಕೇಳಲಿಲ್ಲ. ಮನಸ್ಸಿನ ಒಂದು ಮೂಲೆಯಲ್ಲಿ ಸಣ್ಣ ಸಮಾಧಾನವೊಂದು ಸುಳಿದದ್ದೂ ಸುಳ್ಳಲ್ಲ.

ಎರಡನೇ ವಾರದಿಂದ ಭಾನುವಾರದ ಪಾಠ ಶುರುವಾಯಿತು. ಅಕ್ಕ ಅಚ್ಚು, ಚೌಕಟ್ಟು, ಹಲ್ಲು ಅಂಟಿಸಿದ ಪಟ್ಟಿಗಳನ್ನೆಲ್ಲ ಚೀಲದಲ್ಲಿ ತುಂಬಿ ತನ್ನ ಮನೆಗೆ ತರುತ್ತಿದ್ದಳು. "ಪರೀಕ್ಷೆಗೆ ಅಭ್ಯಾಸ ಮಾಡು. ಇಲ್ಲಿನ ಬಾಯಿಗಳು ಬೇರೆ, ಕೈ ಪಳಗಲಿ," ಎನ್ನುತ್ತಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಅಕ್ಕನ ಊಟದ ಮೇಜಿಗೆ ಕೂತರೆ ಪುಟ್ಟಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಎಲ್ಲರೂ ಹಲ್ಲನ್ನು ಸೈನಿಕರ ಹಾಗೆ ಸಾಲಾಗಿ ನಿಲ್ಲಿಸಿದರೆ, ಅವಳು ಮುಂದಿನ ಎರಡರ ಪಕ್ಕದ ಹಲ್ಲನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದಳು. ಆಗ ಸೆಟ್ಟು ಸೆಟ್ಟಾಗಿ ಉಳಿಯುತ್ತಿರಲಿಲ್ಲ, ಯಾರದೋ ಬಾಯಾಗುತ್ತಿತ್ತು. ಮಧ್ಯಾಹ್ನ ಅಕ್ಕ ಬಿಸಿಬಿಸಿ ಊಟ ಬಡಿಸುತ್ತಿದ್ದಳು.

ಒಂದು ಸೋಮವಾರ, ಡಾಕ್ಟರರಿಗೆ ಕಳಿಸಲು ಕಟ್ಟಿಟ್ಟ ಡಬ್ಬಿಯೊಳಗೆ ಪುಟ್ಟಿ ಆ ತಿರುಗಿದ ಹಲ್ಲನ್ನು ಕಂಡಳು. ಡಬ್ಬಿಯ ಮೇಲೆ ಅಕ್ಕನ ಹೆಸರಿನ ಚೀಟಿ.

"ಅಕ್ಕಾ, ಇದು ನಾನು ನಿನ್ನೆ…"

"ಅಯ್ಯೋ, ಚೆನ್ನಾಗಿ ಬಂದಿತ್ತು, ಹಾಳು ಮಾಡೋದ್ಯಾಕೆ ಅಂತ ಕಳಿಸ್ದೆ. ಯಾರ ಹೆಸರಾದ್ರೇನೇ, ಮನೆಯದೇ ಅಲ್ವಾ?"

ಮನೆಯದೇ ಅಲ್ಲವಾ ಎಂದ ಮೇಲೆ ಪುಟ್ಟಿ ಡಬ್ಬಿ ಮುಚ್ಚಿದಳು. ವಾರವೆಲ್ಲ ಅಕ್ಕ ಒರಟು ಕೆಲಸ ಮಾಡಿ ಮುಂದಿನ ಹಲ್ಲುಗಳನ್ನು ಭಾನುವಾರಕ್ಕೆ ಉಳಿಸುತ್ತಿದ್ದಳು. ಪ್ರತಿ ಸೋಮವಾರ ಡಬ್ಬಿಗಳು ಹೋದವು.

ಭಾಷೆ ಕಲಿಯುತ್ತೇನೆ ಎಂದಾಗ ಮಾತ್ರ ಅಕ್ಕ ಸಿಡುಕಿದಳು. "ನಾನಿರೋವಾಗ ನಿಂಗ್ಯಾಕೆ ಆ ಗೋಳು? ಆ ವ್ಯಾಕರಣಕ್ಕೆ ಇದ್ದ ಬುದ್ಧೀನೂ ಹೋಗತ್ತೆ." ಆದರೆ ಬಡಾವಣೆಯ ಗ್ರಂಥಾಲಯದಲ್ಲಿ ಶನಿವಾರ ಬೆಳಿಗ್ಗೆ ಹೊಸದಾಗಿ ಬಂದವರಿಗೆ ಪಾಠವಿತ್ತು. ಗಂಡ ಹೆಂಡತಿ ಇಬ್ಬರೂ ಗುಟ್ಟಾಗಿ ಸೇರಿಕೊಂಡರು. ಗುಟ್ಟು ಯಾಕೆಂದರೆ, ಒಂದು ದಿನ ಯಜಮಾನನ ಎದುರು ಇದ್ದಕ್ಕಿದ್ದ ಹಾಗೆ ಒಂದು ಪೂರ್ತಿ ವಾಕ್ಯ ಆಡಿ ಅಕ್ಕನನ್ನು ಬೆರಗು ಮಾಡಬೇಕೆಂದು ಪುಟ್ಟಿಯ ಆಸೆ. ಬೆಂಕಿಪೊಟ್ಟಣದಷ್ಟು ಅಗಲದ ಚೀಟಿಗಳಲ್ಲಿ ಪದ ಬರೆದು ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಪ್ಲಾಸ್ಟರು ಗಟ್ಟಿಯಾಗುವ ಎಂಟು ನಿಮಿಷದಲ್ಲಿ ನಾಲ್ಕು ಪದ.

ಆರನೇ ತಿಂಗಳು, ಮಧ್ಯಾಹ್ನದ ಬಿಡುವಿನಲ್ಲಿ, ಯಜಮಾನ ತೊಟ್ಟಿಯ ಹತ್ತಿರ ಬಂದು ನಿಂತು ಪುಟ್ಟಿಯ ಕೈಯನ್ನೇ ನೋಡಿದ. ಆಮೇಲೆ ಅಕ್ಕನ ಕಡೆ ತಿರುಗಿ ಕೇಳಿದ. ಪುಟ್ಟಿಗೆ ಪದಗಳು ಒಂದೊಂದಾಗಿ ಬಂದು ಸಾಲಾಗಿ ನಿಂತವು.

"ನಿಮ್ಮ ತಂಗಿಗೆ ಹಲ್ಲು ಜೋಡಿಸುವುದನ್ನು ಕಲಿಸಬಹುದೇ?"

ಅಕ್ಕ ತಲೆಯಲ್ಲಾಡಿಸಿದಳು. "ಪಾಪ, ಅವಳಿಗಾಗದು. ಚಿಕ್ಕವಳಿದ್ದಾಗ ಮಹಡಿಯಿಂದ ಬಿದ್ದಳು. ಕೈ ಇದೆ, ತಲೆ ಇಲ್ಲ. ನಾನು ಮೊದಲೇ ಹೇಳಿದ್ದೆನಲ್ಲ. ಪ್ಲಾಸ್ಟರು ಸಾಕು ಅವಳಿಗೆ."

ಬಿದ್ದಳು. ಆ ಕ್ರಿಯಾಪದವನ್ನು ಹಿಂದಿನ ಶನಿವಾರವಷ್ಟೇ ಕಲಿತಿದ್ದಳು. ಬೀಳುತ್ತೇನೆ, ಬಿದ್ದೆ, ಬಿದ್ದಳು. ಆ ಭಾಷೆಯಲ್ಲಿ ಅವಳಿಗೆ ಒಂದು ಪದವೂ ತಪ್ಪದೆ ಅರ್ಥವಾದ ಮೊದಲ ಮಾತು ಇದು.

ಅಕ್ಕ ಇತ್ತ ತಿರುಗಿ ಕನ್ನಡದಲ್ಲಿ ನಕ್ಕಳು. "ಊಟ ಆಯ್ತಾ ಅಂತ ಕೇಳ್ತಿದ್ದಾರೆ ಕಣೇ."

"ಆಯ್ತು ಅಂತ ಹೇಳಕ್ಕಾ," ಎಂದಳು ಪುಟ್ಟಿ.

ಬಾಟಲಿಯ ಮುಚ್ಚಳ, ಕೋಟಿನ ಜಿಪ್ಪು, ಬೆನ್ನು ಸವರಿದ್ದು, ಎಲ್ಲದರ ಅರ್ಥ ಒಂದೇ ಏಟಿಗೆ ಆಯಿತು. ಆರು ತಿಂಗಳಿಂದ ಅವಳು ಅವರ ಪಾಲಿಗೆ ಹೊಸಬಳಲ್ಲ, ಪೆದ್ದಿ. ವರ್ಷದ ಕಾನೂನು, ಪರೀಕ್ಷೆ, ಎಲ್ಲ ಅಕ್ಕ ಕಟ್ಟಿದ ಸುಳ್ಳು. ಅಕ್ಕನಿಗೆ ಅವಳ ಕೈ ಬೇಕಿತ್ತು, ಬಾಯಿ ಬೇಕಿರಲಿಲ್ಲ. ಅದಕ್ಕೇ ಕರೆಸಿಕೊಂಡದ್ದು.

ಮನೆಗೆ ಬಂದು ಹೇಳಿದಾಗ ಮೇಷ್ಟ್ರು ಕೂತಲ್ಲಿಂದ ಎದ್ದೇಬಿಟ್ಟರು. "ನಾಳೇನೇ ಹೋಗಿ ಮುಖಕ್ಕೆ ಹೊಡೆದ ಹಾಗೆ ಕೇಳ್ತೀನಿ!"

"ಯಾವ ಭಾಷೇಲಿ ಕೇಳ್ತೀರಿ? ಸುಮ್ನಿರಿ. ನಾನು ನೋಡ್ಕೋತೀನಿ."

ಅವಳು ನೋಡಿಕೊಂಡಳು. ಭಾನುವಾರ ಎಂದಿನಂತೆ ಹೋಗಿ ಹಲ್ಲು ಜೋಡಿಸಿದಳು, ಉಂಡು ಬಂದಳು. ಶನಿವಾರದ ಪಾಠವನ್ನು ಎರಡರಷ್ಟು ಓದಿದಳು. ಹಜಾರದಲ್ಲಿ ಎಲ್ಲರ ಮಾತಿಗೂ ಕಿವಿ ಕೊಟ್ಟಳು. ಪೆದ್ದಿಯ ಮುಂದೆ ಯಾರಿಗೂ ಮುಚ್ಚುಮರೆ ಇರಲಿಲ್ಲ. ಮೇಣದಮ್ಮ ತನ್ನ ಗಂಡ ಇನ್ನೊಬ್ಬಳ ಮನೆಗೆ ಹೋಗುವುದನ್ನು ಅವಳ ಮುಂದೆ ಹೇಳಿಕೊಂಡು ಅತ್ತಳು. ನಾಯಿಯ ಮುಂದೆ ಹೇಳಿಕೊಳ್ಳುವಂತೆ, ಉತ್ತರದ ಭಯವಿಲ್ಲದೆ. ಪುಟ್ಟಿ ಹಲ್ಲು ಬಿಟ್ಟು ನಕ್ಕಳು. ಮೇಣದಮ್ಮ ಕಣ್ಣೊರೆಸಿಕೊಂಡು ಅವಳ ಕೆನ್ನೆ ತಟ್ಟಿದಳು.

ಎರಡು ತಿಂಗಳು ಹೀಗೆ ಕಳೆಯಿತು.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಅತಿ ಹೆಚ್ಚು ಕೆಲಸ ಕಳಿಸುವ ಹಲ್ಲಿನ ಡಾಕ್ಟರು ಮುನ್ಸೂಚನೆಯಿಲ್ಲದೆ ಬಂದ. ಜೊತೆಯಲ್ಲಿ ಎಪ್ಪತ್ತರ ಒಬ್ಬಳು ಹೆಂಗಸು, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಿದ್ದಳು. ಒಂದು ಕಾಲದ ಹಾಡುಗಾರ್ತಿಯಂತೆ. ಮೇಣದಲ್ಲಿ ಜೋಡಿಸಿ ಕಳಿಸಿದ್ದ ಸೆಟ್ಟನ್ನು ಬಾಯಲ್ಲಿಟ್ಟು ಹಾಡಿ ನೋಡಿದರೆ ಗಾಳಿ ಸೀಟಿ ಹೊಡೆಯುತ್ತದೆ ಎಂದಳು. ಡಾಕ್ಟರು ಅಕ್ಕನ ಕೈ ಕುಲುಕಿದ. "ನಿಮ್ಮ ಮುಂದಿನ ಹಲ್ಲುಗಳಿಗೆ ಜೀವವಿದೆ ಎಂದು ಎಲ್ಲರಿಗೂ ಹೇಳುತ್ತೇನೆ. ಈ ಆರು ಹಲ್ಲನ್ನು ಇವರ ಎದುರೇ ಸರಿಮಾಡಿ. ಕೂತು ನೋಡುತ್ತೇವೆ."

ಯಜಮಾನ ಕುರ್ಚಿ ಹಾಕಿಸಿದ. ಮೇಣದಮ್ಮ, ಪಾಲಿಶಿನವನು ಕೆಲಸ ಬಿಟ್ಟು ಬಂದರು. ಅಕ್ಕ ದೀಪ ಹಚ್ಚಿದಳು. ಮುಖದ ಮೇಲಿನ ನಗು ಅಳಿಸದೆ, ದೇವರಿಗೆ ಹೇಳಿಕೊಳ್ಳುವ ದನಿಯಲ್ಲಿ ಕನ್ನಡದಲ್ಲಿ ಅಂದಳು:

"ಪುಟ್ಟಿ, ಬಾ. ಚೌಕಟ್ಟು ಹಿಡ್ಕೊಳೋ ಹಾಗೆ ನನ್ನ ಪಕ್ಕ ನಿಂತ್ಕೊ. ಹಲ್ಲು ನೀನೇ ಇಡು. ನಾನು ಅಡ್ಡ ಇರ್ತೀನಿ, ಗೊತ್ತಾಗಲ್ಲ. ನಿನ್ನ ದಮ್ಮಯ್ಯ."

ಪುಟ್ಟಿ ಬಂದಳು. ಪಕ್ಕದಲ್ಲಿ ನಿಂತಳು. ಅಕ್ಕ ಮೇಜಿನ ಮರೆಯಲ್ಲಿ ಚಾಕುವನ್ನು ಅವಳ ಕೈಗೆ ತುರುಕಿದಳು. ಪುಟ್ಟಿ ಅದನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ, ಬಾಯ್ತುಂಬ ನಕ್ಕು, ಅಕ್ಕನ ಬಲಗೈಯಲ್ಲಿ ವಾಪಸಿಟ್ಟಳು.

"ಪುಟ್ಟೀ…"

ಪುಟ್ಟಿ ಇನ್ನೂ ದೊಡ್ಡದಾಗಿ ನಕ್ಕಳು.

ಅಕ್ಕ ಚಾಕು ಕಾಯಿಸಿದಳು. ತುದಿ ಜ್ವಾಲೆಯ ಅತ್ತ ಇತ್ತ ಅಲೆಯಿತು. ಮೇಣಕ್ಕೆ ತಾಗಿಸಿದರೆ ಎರಡು ಹಲ್ಲಿನ ಜಾಗ ಕರಗಿ ಹರಿಯಿತು. ಮೊದಲನೇ ಹಲ್ಲನ್ನು ಇಟ್ಟಳು, ಅದು ಒರಗಿತು. ಎರಡನೆಯದು ಬೆರಳಿಂದ ಜಾರಿ ನೆಲಕ್ಕೆ ಬಿದ್ದು ಉರುಳಿತು. ಪುಟ್ಟಿ ಚಪ್ಪಾಳೆ ತಟ್ಟಿದಳು.

ಅಕ್ಕ ಬಗ್ಗಿ ಹಲ್ಲನ್ನು ಎತ್ತಿಕೊಂಡಳು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಮತ್ತೆ ಇಟ್ಟಳು. ಮತ್ತೆ ಬಿತ್ತು. ಪುಟ್ಟಿ ಮತ್ತೆ ಚಪ್ಪಾಳೆ ತಟ್ಟಿದಳು. ಮೇಣದಮ್ಮ ಅವಳ ಭುಜ ಹಿಡಿದು "ಬಾ ಮರಿ, ಈ ಕಡೆ ಬಾ," ಎಂದು ಎಳೆದಳು. ಹಾಡುಗಾರ್ತಿ ಕರವಸ್ತ್ರವನ್ನು ಮರೆತು, ಹಲ್ಲಿಲ್ಲದ ಬಾಯಿ ತೆರೆದು, "ಸಾಕು, ಸಾಕು, ಅವರನ್ನು ಬಿಡಿ," ಎಂದಳು.

ಅಕ್ಕ ದೀಪ ಆರಿಸಿದಳು. ಚಾಕು ಒರೆಸಿ ಅದರ ಜಾಗದಲ್ಲಿಟ್ಟಳು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

"ಎಷ್ಟು ದಿನದಿಂದ ಹೀಗೆ?" ಎಂದ ಯಜಮಾನ.

"ಶುರುವಾಗಿ ಒಂದೂವರೆ ವರ್ಷ. ಹೀಗೆ ಹೆಚ್ಚಾಗಿ ಎಂಟು ತಿಂಗಳು."

"ಹಾಗಾದರೆ ಇಷ್ಟು ದಿನ ಇವನ್ನೆಲ್ಲ ಮಾಡಿದ್ದು ಯಾರು?"

ಅಕ್ಕ ಕುರ್ಚಿಯಿಂದ ಎದ್ದು ಪಕ್ಕಕ್ಕೆ ಸರಿದಳು.

"ನಾನು," ಎಂದಳು ಪುಟ್ಟಿ. ಆ ಭಾಷೆಯಲ್ಲಿ ಹೇಳಿದಳು. ಮೇಣದಮ್ಮನ ಕೈಯನ್ನು ಭುಜದಿಂದ ತೆಗೆದು, ಅಕ್ಕನ ಕುರ್ಚಿಯಲ್ಲಿ ಕೂತು ದೀಪ ಹಚ್ಚಿದಳು. ಇಪ್ಪತ್ತು ನಿಮಿಷದಲ್ಲಿ ಆರೂ ಹಲ್ಲು ನಿಂತವು. ಹಾಡುಗಾರ್ತಿ ಬಾಯಲ್ಲಿಟ್ಟುಕೊಂಡು ಒಂದು ಸಾಲು ಗುನುಗಿದಳು. ಗಾಳಿ ಸೋರಲಿಲ್ಲ. ಆದರೂ ಅವಳು ಧನ್ಯವಾದ ಹೇಳದೆ, ಪುಟ್ಟಿಯನ್ನು ಒಂದು ಗಳಿಗೆ ನೋಡಿ, ಕೋಟು ಹಾಕಿಕೊಂಡು ಹೊರಟುಹೋದಳು.

"ನಿನಗೆ ನಮ್ಮ ಮಾತು ಅರ್ಥವಾಗುತ್ತದಾ?" ಎಂದಳು ಮೇಣದಮ್ಮ.

"ಆಗುತ್ತದೆ."

"ಯಾವಾಗಿನಿಂದ?"

"ಎರಡು ತಿಂಗಳಾಯಿತು."

ಮೇಣದಮ್ಮನ ಮುಖ ಕೆಂಪೇರಿ, ಹಾಗೆಯೇ ಬಿಳಿಚಿತು. ತಾನು ಏನೇನು ಹೇಳಿಕೊಂಡಿದ್ದೆ ಎಂದು ಲೆಕ್ಕ ಹಾಕುತ್ತಿದ್ದಳೆಂಬುದು ನೋಡಿದವರಿಗೆಲ್ಲ ಕಾಣುತ್ತಿತ್ತು. ತನ್ನ ಮೇಜಿಗೆ ಹೋದಳು.

ಅಕ್ಕ ಮರುದಿನ ಬರಲಿಲ್ಲ. ಬರಬೇಡವೆಂದು ಕಾಗದ ಹೋಗಿತ್ತು. ಪೆನ್ಷನ್ ಬರಲು ಅವಳಿಗೆ ಎರಡೇ ವರ್ಷ ಬಾಕಿಯಿತ್ತೆಂಬುದು ಪುಟ್ಟಿಗೆ ತಿಳಿದದ್ದು ಊರಿಂದ ದೊಡ್ಡಮ್ಮನ ಫೋನು ಬಂದಾಗ. "ಉಂಡ ಮನೆಗೆ ಎರಡು ಬಗೆದೆಯಲ್ಲೇ. ಸತ್ತರೂ ನನ್ನ ಹೆಣ ನೋಡೋಕೆ ಬರಬೇಡ," ಎಂದು ಇಟ್ಟುಬಿಟ್ಟಳು. ಮೇಷ್ಟ್ರಿಗೆ ಮಾತ್ರ ಖುಷಿಯೋ ಖುಷಿ. ಚಾಕು ಎತ್ತಿ ತೋರಿಸಿದ್ದು, ಚಪ್ಪಾಳೆ ತಟ್ಟಿದ್ದು, ಎಲ್ಲವನ್ನೂ ಅಭಿನಯಿಸಿ ತೋರಿಸಿ ತಾವೇ ನಕ್ಕರು. ಮೂರನೇ ಸಲ ತೋರಿಸಲು ಹೊರಟಾಗ ಪುಟ್ಟಿ, "ಸಾಕು ನಿಲ್ಸಿ," ಎಂದು ಕಿರುಚಿದಳು.

ಎರಡು ಭಾನುವಾರ ಬಿಟ್ಟು ಅವಳು ಅಕ್ಕನ ಮನೆಗೆ ಹೋದಳು. ಬೈಗುಳಕ್ಕೆ ತಯಾರಾಗಿ, ತನ್ನ ಕಡೆಯ ಬೈಗುಳವನ್ನೂ ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದಳು. ಅಕ್ಕ ಬಾಗಿಲು ತೆಗೆದು ಒಳಗೆ ಬಿಟ್ಟಳು. ಹಜಾರದ ತುಂಬ ರಟ್ಟಿನ ಪೆಟ್ಟಿಗೆಗಳು. ಬೇರೆ ಊರಿನಲ್ಲಿರುವ ಮಗಳು ಕರೆದುಕೊಂಡು ಹೋಗಲು ಬರುವವಳಿದ್ದಳು.

"ಕೂತ್ಕೋ," ಎಂದಳು. ಇಬ್ಬರೂ ಪೆಟ್ಟಿಗೆಗಳ ನಡುವೆ ಕೂತರು.

"ನನ್ನ ತಲೆ ಕೆಟ್ಟಿದೆ ಅಂತ ಹೇಳ್ದೆಯಲ್ಲಕ್ಕಾ. ಕೈ ನಡುಗತ್ತೆ, ಎರಡು ವರ್ಷ ನಂಗೋಸ್ಕರ ಮಾಡಿಕೊಡು ಅಂತ ಕೇಳಿದ್ರೆ ನಾನು ಮಾಡ್ತಿರಲಿಲ್ವಾ?"

"ಮಾಡ್ತಿದ್ದೆ. ಅದು ನಂಗೆ ಗೊತ್ತು," ಎಂದಳು ಅಕ್ಕ. "ಬೀದೀಲಿ ಹೋಗೋರ ಹತ್ರ ಬೇಕಾದ್ರೆ ಸೆರಗೊಡ್ಡಿ ಕೇಳ್ತಿದ್ದೆ. ನಿನ್ನ ಹತ್ರ ಕೇಳೋಕೆ ಬಾಯಿ ಬರಲಿಲ್ಲ. ಚಿಕ್ಕವಳದು ಕೈ, ಚಿಕ್ಕವಳದು ಕೈ ಅಂತ ಮಾವ ಜೀವಮಾನ ಪೂರ್ತಿ ಅಂದ. ನನ್ನ ಕೈ ಹೋದ್ಮೇಲೆ ನಿನ್ನ ಕೈಗೇ ಜೋತು ಬೀಳೋದು ಅಂದ್ರೆ!"

"ಅದಕ್ಕೆ ನನ್ನನ್ನ ಪೆದ್ದಿ ಮಾಡೋದಾ?"

"ಮಾಡ್ದೆ. ತಪ್ಪೇ. ಇಲ್ಲ ಅನ್ನಲ್ಲ." ಅಕ್ಕ ನಡುಗುವ ಕೈಯನ್ನು ಮುಚ್ಚಿಡಲು ಹೋಗಲಿಲ್ಲ, ಮಡಿಲಲ್ಲಿ ಅದು ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. "ನಾನು ಮಾಡಿದ್ದು ಹೊಟ್ಟೆಪಾಡಿಗೆ ಪುಟ್ಟಿ. ಆವತ್ತು ನೀನು ಸುಮ್ನೆ ನಿಂತಿದ್ರೂ ನಾನು ಬೀಳ್ತಿದ್ದೆ. ಚಪ್ಪಾಳೆ ಯಾತಕ್ಕೆ ತಟ್ಟಿದೆ?"

ಪುಟ್ಟಿ ಪಕ್ಕದ ಪೆಟ್ಟಿಗೆಯ ಮೇಲೆದ್ದಿದ್ದ ಅಂಟುಪಟ್ಟಿಯನ್ನು ಬೆರಳಿಂದ ಒತ್ತಿ ಕೂರಿಸತೊಡಗಿದಳು. ಅಕ್ಕ, "ಮಗಳು ಬರೋ ಹೊತ್ತಾಯ್ತು. ಅವಳಿಗೆ ನಿನ್ನ ಕಂಡ್ರೆ ಆಗಲ್ಲ. ಹೊರಡು," ಎಂದಳು.

ಅಕ್ಕ ಹೋದ ಊರಿನ ವಿಳಾಸ ಪುಟ್ಟಿಗೆ ಸಿಗಲಿಲ್ಲ. ಫೋನು ಮಾಡಿದರೆ ಮಗಳು ಎತ್ತಿ, "ಅಮ್ಮ ಮಲಗಿದ್ದಾರೆ," ಎನ್ನುತ್ತಿದ್ದಳು. ಬೆಳಿಗ್ಗೆ ಹತ್ತಕ್ಕೂ ಅದೇ, ಸಂಜೆ ಐದಕ್ಕೂ ಅದೇ. ಕೊನೆಗೆ ಪುಟ್ಟಿ ಮಾಡುವುದನ್ನು ಬಿಟ್ಟಳು.

ಕಿಟಕಿಯ ಪಕ್ಕದ ಮೇಜು ಈಗ ಅವಳದು. ಸಂಬಳ ಎರಡರಷ್ಟಾಯಿತು, ಬೆರಳ ಒಡಕು ವಾಸಿಯಾಯಿತು. ಡಾಕ್ಟರು ಮೊದಲಿಗಿಂತ ಹೆಚ್ಚು ಕೆಲಸ ಕಳಿಸುತ್ತಾನೆ. ಆ ಭಾಷೆ ಅವಳಿಗೆ ಚೆನ್ನಾಗಿ ಬರುತ್ತದೆ, ಗಾದೆಗಳೂ ಬರುತ್ತವೆ. ಆದರೆ ಅವಳು ಬಾಗಿಲು ತೆಗೆದು ಒಳಗೆ ಬಂದರೆ ಹಜಾರದಲ್ಲಿ ನಡೆಯುತ್ತಿದ್ದ ಮಾತು ನಿಲ್ಲುತ್ತದೆ. ಮೇಣದಮ್ಮ ಬಿಡುವಿನ ಹೊತ್ತಿಗೆ ಹೊರಗೆ ಹೋಗಿ, ಚಳಿಯಲ್ಲೇ ನಿಂತು ತಿಂಡಿ ತಿನ್ನುತ್ತಾಳೆ. ಯಜಮಾನ ಹೇಳಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಬೆಳಿಗ್ಗೆ ಅವಳು ಬರುವ ಮೊದಲೇ ಮೇಜಿನ ಮೇಲೆ ಇಟ್ಟಿರುತ್ತಾನೆ. ಚೀಟಿಯ ಕೊನೆಯಲ್ಲಿ 'ದಯವಿಟ್ಟು' ಎಂದು ಬರೆಯುವುದನ್ನು ಅವನು ಒಂದು ದಿನವೂ ಮರೆತಿಲ್ಲ.